ಅಘನಾಶಿನಿ ಅಳಿವೆಯ ಹೈಪರ್‌ಸ್ಪೆಕ್ಟ್ರಲ್ ಚಿತ್ರ: ಈ ಹಂತದವರೆಗಿನ ಕೆಲಸ

ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆಗಳ (ಉಪ್ಪುನೀರು ಬರುವ ತಗ್ಗು ಗದ್ದೆಗಳ) ಒಡ್ಡಿನುದ್ದಕ್ಕೂ ನಿಂತಿರುವ ಕಾಂಡ್ಲಾ (ಮ್ಯಾಂಗ್ರೋವ್) ಸಾಲು ಹಲವೆಡೆ ತೀರಾ ಕಿರಿದು. ಇಟಲಿಯ ಬಾಹ್ಯಾಕಾಶ ಸಂಸ್ಥೆ 2019ರ ಮಾರ್ಚ್‌ನಲ್ಲಿ ಹಾರಿಸಿದ ಪ್ರಿಸ್ಮಾ ಉಪಗ್ರಹದ ಹೈಪರ್‌ಸ್ಪೆಕ್ಟ್ರಲ್ (ಬೆಳಕನ್ನು ಬ್ಯಾಂಡ್‌ಗಳೆಂಬ ನೂರಾರು ಕಿರು ಪಟ್ಟಿಗಳಾಗಿ ಬಿಡಿಸಿ ದಾಖಲಿಸುವ) ಚಿತ್ರದಲ್ಲಿ ಒಂದು ಪಿಕ್ಸೆಲ್ 30 ಮೀಟರ್ ಆದ್ದರಿಂದ, ಗಿಡ, ಕೆಸರು, ಉಪ್ಪುನೀರು ಮೂರೂ ಅದೊಂದರಲ್ಲೇ ಕಲಸಿಹೋಗುತ್ತವೆ. ಅದೇ ಉಪಗ್ರಹ ಕೊಡುವ ಕಪ್ಪು-ಬಿಳುಪಿನ ಪ್ಯಾನ್‌ಕ್ರೊಮ್ಯಾಟಿಕ್ ಚಿತ್ರದ ಪಿಕ್ಸೆಲ್ 5 ಮೀಟರ್. ಮೊದಲನೆಯದರ ಇನ್ನೂರಕ್ಕೂ ಹೆಚ್ಚಿನ ಬ್ಯಾಂಡ್‌ಗಳನ್ನು ಎರಡನೆಯದರ ಸೂಕ್ಷ್ಮತೆಗೆ ತರುವುದು ಈ ಯೋಜನೆಯ ಉದ್ದೇಶ.

ಪ್ರಿಸ್ಮಾದಿಂದ 5 ಮೀಟರ್‌ನ ನಿಜವಾದ ಹೈಪರ್‌ಸ್ಪೆಕ್ಟ್ರಲ್ ಚಿತ್ರ ಸಿಗದ ಕಾರಣ, ವಾಲ್ಡ್ ವಿಧಾನದಂತೆ ಈ ಎರಡೂ ಚಿತ್ರಗಳನ್ನು ಆರು ಪಟ್ಟು ಒರಟಾಗಿಸಿ, 180 ಮೀಟರ್‌ನಿಂದ 30 ಮೀಟರ್‌ಗೆ ಏರುವುದನ್ನು ನ್ಯೂರಲ್ ನೆಟ್‌ವರ್ಕ್‌ಗೆ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಮಾದರಿಗೆ) ಕಲಿಸಲಾಗಿದೆ. ಮೂಲ ಚಿತ್ರವೇ ಇಲ್ಲಿ ಉತ್ತರಪತ್ರಿಕೆ. ನೆಟ್‌ವರ್ಕ್ ಇಡೀ ಚಿತ್ರವನ್ನು ಕಟ್ಟುವುದಿಲ್ಲ, ಹಿಗ್ಗಿಸಿದ ಚಿತ್ರಕ್ಕೆ ಸೇರಿಸಬೇಕಾದ ವಿವರವನ್ನಷ್ಟೇ ಊಹಿಸುತ್ತದೆ. ಆದರೆ 180 ಮೀಟರ್‌ಗೆ ಇಳಿಸಿದಾಗ ಒಡ್ಡಿನ ಕಾಂಡ್ಲಾ ಸಾಲೇ ಮಾಯವಾಗುವುದರಿಂದ, ನಮಗೆ ಬೇಕಾದ ವಸ್ತುವನ್ನೇ ಅದು ಕಲಿಕೆಯಲ್ಲಿ ನೋಡಿರುವುದಿಲ್ಲ. ಆದ್ದರಿಂದ ಪೂರ್ಣ ಅಳತೆಯಲ್ಲಿ ಇನ್ನೊಂದು ನಿಬಂಧನೆ ಸೇರಿಸಿದ್ದೇನೆ: ಹೊರಬಂದ 36 ಸಣ್ಣ ಪಿಕ್ಸೆಲ್‌ಗಳ ಸರಾಸರಿಯು ಮೂಲ ಪಿಕ್ಸೆಲ್‌ನ ರೋಹಿತಕ್ಕೆ (ಪ್ರತಿ ಬ್ಯಾಂಡಿನಲ್ಲಿ ಎಷ್ಟು ಬೆಳಕು ಬಂದಿದೆ ಎಂಬ ಸಾಲಿಗೆ) ಹೊಂದಿಕೆಯಾಗಲೇಬೇಕು.

ನಿಜವಾದ ತೊಡಕು ಸಮೀಪ ಅವಕೆಂಪಿನಲ್ಲಿದೆ (ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕು). ಪ್ಯಾನ್ ಚಿತ್ರ 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಮಾತ್ರ ಕಾಣುತ್ತದೆ. ಅದರಲ್ಲಿ ಕಾಂಡ್ಲಾ ಎಲೆ ಕಪ್ಪಗೆ, ಪಕ್ಕದ ಕೆಸರು ಬೆಳ್ಳಗೆ. 800 ನ್ಯಾನೊಮೀಟರ್ ದಾಟಿದರೆ ಎಲೆಯೇ ಹೊಳೆಯುತ್ತದೆ, ಒದ್ದೆ ಕೆಸರು ಮಂಕಾಗುತ್ತದೆ. ಹೊಳೆಯ ನೀರಾದರೋ ಎರಡರಲ್ಲೂ ಕಪ್ಪು. ಪ್ಯಾನ್ ಚಿತ್ರದ ವಿವರವನ್ನು ಬೆರೆಸುವ ಗ್ರಾಮ್-ಶ್ಮಿಟ್‌ನಂಥ ಹಳೆಯ ವಿಧಾನ ಬ್ಯಾಂಡಿಗೆ ಒಂದೇ ಗುಣಕ ಬಳಸುವುದರಿಂದ, ನೀರಿನಂಚಿಗೆ ಸರಿಹೋದದ್ದು ಕೆಸರಿನಂಚಿಗೆ ತಿರುಗುಮುರುಗಾಗುತ್ತದೆ. ಚಿತ್ರವೇನೋ ಕಣ್ಣಿಗೆ ಸೊಗಸಾಗಿ ಕಾಣುತ್ತದೆ. ಆದರೆ ಅಂಚಿನ ಪಿಕ್ಸೆಲ್‌ನ ರೋಹಿತ ತೆಗೆದು ನೋಡಿದರೆ ಅದು ಯಾವ ಗಿಡದ್ದೂ ಅಲ್ಲ. ಕೇವಲ ರೋಹಿತ ಕೋನವನ್ನು (ಎರಡು ರೋಹಿತಗಳ ಆಕಾರದ ವ್ಯತ್ಯಾಸವನ್ನು) ಅಳೆದು ತೃಪ್ತಿಪಡುವಂತೆಯೂ ಇಲ್ಲ, ಏಕೆಂದರೆ ಪಿಕ್ಸೆಲ್ ಪೂರ್ತಿ ಮಂಕಾದರೂ ಆ ಕೋನ ಬದಲಾಗುವುದಿಲ್ಲ. ಹೀಗಾಗಿ ಹೊಳಪಿನ ತಪ್ಪನ್ನೂ ಲೆಕ್ಕಕ್ಕೆ ತರುವ ಎರ್ಗಾಸ್ ಮಾನವನ್ನೂ ಜೊತೆಗಿಟ್ಟುಕೊಂಡಿದ್ದೇನೆ.

ಈ ಕೊರತೆ ತುಂಬಲು ಯುರೋಪಿನ ಸೆಂಟಿನೆಲ್-2 ಉಪಗ್ರಹದ 10 ಮೀಟರ್‌ನ ಸಮೀಪ ಅವಕೆಂಪು ಬ್ಯಾಂಡನ್ನು ಮೂರನೆಯ ಮೂಲವಾಗಿ ಸೇರಿಸಲಾಗುತ್ತಿದೆ. ಕೆಸರಿನಂಚು ಈಗ ತಕ್ಕಮಟ್ಟಿಗೆ ಸರಿಯಾಗಿದೆ. ಆದರೆ ಎರಡೂ ಉಪಗ್ರಹಗಳು ಬೇರೆಬೇರೆ ದಿನ ಹಾಯುವುದರಿಂದ, ಒಂದರಲ್ಲಿ ಇಳಿತದ ಕೆಸರುದಿಬ್ಬ, ಇನ್ನೊಂದರಲ್ಲಿ ಭರತದ ನೀರು ಸಿಗುತ್ತದೆ. ನೆಟ್‌ವರ್ಕ್ ಇದನ್ನೂ ವಿವರವೆಂದೇ ತಿಳಿದು ಬೆರೆಸುತ್ತದೆ. ಮಳೆಗಾಲವಿಡೀ ಮೋಡವಿರುವ ಈ ಕರಾವಳಿಯಲ್ಲಿ ಆಯ್ಕೆಗೆ ಉಳಿಯುವ ದಿನಾಂಕಗಳೂ ಕಡಿಮೆ. ಸದ್ಯಕ್ಕೆ ತದಡಿ ಭಾಗದಲ್ಲಿ ನೀರಿನ ಮಟ್ಟ ಸುಮಾರು ಒಂದೇ ಇರುವ ಜೋಡಿಗಳನ್ನು ಮಾತ್ರ ಉಳಿಸಿಕೊಂಡು, ನೀರು ಏರಿಳಿಯುವ ಪಟ್ಟಿಯನ್ನು ಮುಖವಾಡ ಹಾಕಿ ಕಲಿಕೆಯಿಂದ ಹೊರಗಿಟ್ಟಿದ್ದೇನೆ. ಒಡ್ಡಿನ ಮೇಲಿನ ಕಾಂಡ್ಲಾ ಈ ಪಟ್ಟಿಯಿಂದ ಹೊರಗೆ ಬೀಳುವಷ್ಟು ಮುಖವಾಡವನ್ನು ಕಿರಿದುಗೊಳಿಸುವುದು ಮುಂದಿನ ಕೆಲಸ.