ಮೊದಲ ಪುಟದ ಸ್ಲೀಪ್ ಕರೆಂಟ್ ನೋಡಿ ಚಿಪ್ ಆರಿಸಿದ್ದೆ

ಬ್ಯಾಟರಿಯಲ್ಲಿ ನಡೆಯುವ ಸೆನ್ಸರ್ ಬೋರ್ಡ್ ಮಾಡುವುದು ನನ್ನ ಕೆಲಸ. ಒಂದು ಬೋರ್ಡ್ ಸಿಆರ್2032 ಬಟನ್ ಸೆಲ್‌ನಲ್ಲಿ ವರ್ಷಗಟ್ಟಲೆ ಓಡಬೇಕಿತ್ತು. ನಿಮಿಷಕ್ಕೊಮ್ಮೆ ಎದ್ದು, ತಾಪಮಾನ ಅಳೆದು, ರೇಡಿಯೋದಲ್ಲಿ ಕಳಿಸಿ, ಮತ್ತೆ ಮಲಗಬೇಕು. ಅಷ್ಟೇ ಕೆಲಸ.

ನಾನು ನಾಲ್ಕೈದು ಚಿಪ್‌ಗಳ ಡೇಟಾಶೀಟ್ (ತಯಾರಕರು ಕೊಡುವ ವಿವರದ ಕಡತ) ತೆರೆದೆ. ಮೊದಲ ಪುಟದಲ್ಲಿ ಸ್ಲೀಪ್ ಕರೆಂಟ್, ಅಂದರೆ ಮಲಗಿದಾಗ ಎಳೆಯುವ ಕರೆಂಟ್, ಯಾವುದಕ್ಕೆ ಕಡಿಮೆ ಇತ್ತೋ ಅದೇ ಮೈಕ್ರೋಕಂಟ್ರೋಲರ್ (ಬೋರ್ಡ್ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಆರಿಸಿದೆ. ಆ ಅಂಕಿ ಯಾವ ಮೋಡ್‌ನದು ಎಂದು ನೋಡಲಿಲ್ಲ. ಅದು ರ್‍ಯಾಮ್ (ಚಿಪ್‌ನ ತಾತ್ಕಾಲಿಕ ನೆನಪು) ಕೂಡ ಆಫ್ ಆಗುವ ಮೋಡ್. ಅಂದರೆ ಪ್ರತಿ ಸಲ ಎದ್ದಾಗಲೂ ರೀಸೆಟ್ ಆದ ಹಾಗೆ. ಚಿಪ್‌ಗೆ ಗಡಿಯಾರದ ಮಿಡಿತ ಕೊಡುವ ಕ್ರಿಸ್ಟಲ್ ಸ್ಥಿರವಾಗುವವರೆಗೆ ಕಾಯಬೇಕು, ರೇಡಿಯೋ ಮತ್ತು ಸೆನ್ಸರ್‌ಗೆ ಎಲ್ಲ ಸೆಟ್ಟಿಂಗ್ ಮತ್ತೆ ಬರೆಯಬೇಕು. ಅಳೆದು ನೋಡಿದರೆ ಪ್ರತಿ ಸಲ ಎದ್ದಾಗ 300 ಮಿಲಿಸೆಕೆಂಡ್, 6 ಮಿಲಿಆಂಪ್. ನಿಮಿಷಕ್ಕೆ ಹಂಚಿದರೆ ಸರಾಸರಿ 30 ಮೈಕ್ರೋಆಂಪ್. 220 ಮಿಲಿಆಂಪ್-ಅವರ್ ಸೆಲ್ ಹತ್ತು ತಿಂಗಳಿಗೇ ಮುಗಿಯುತ್ತದೆ. ಮಲಗಿದಾಗ ಎಷ್ಟು ನ್ಯಾನೋಆಂಪ್ ಉಳಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ, ಅಲ್ವಾ?

ಆಮೇಲೆ ರ್‍ಯಾಮ್ ಉಳಿಸಿಕೊಳ್ಳುವ ಮೋಡ್‌ಗೆ ಬದಲಾಯಿಸಿದೆವು. ಮಲಗಿದಾಗ 1.5 ಮೈಕ್ರೋಆಂಪ್, ಅಂದರೆ ಮೊದಲಿಗಿಂತ ಜಾಸ್ತಿಯೇ. ಆದರೆ ಎಚ್ಚರ ಇರುವುದು ಬರೀ 20 ಮಿಲಿಸೆಕೆಂಡ್. ಒಟ್ಟು ಸರಾಸರಿ 3.5 ಮೈಕ್ರೋಆಂಪ್. ಕಾಗದದ ಮೇಲೆ ಏಳು ವರ್ಷ.

ಬೋರ್ಡ್ ಬಂತು. ಮೀಟರ್ ಹಾಕಿದರೆ ಮಲಗಿದಾಗಲೂ 300 ಮೈಕ್ರೋಆಂಪ್! ಕೋಡ್ ಪರೀಕ್ಷಿಸಲು ಚಿಪ್‌ಗೆ ಸಿಕ್ಕಿಸುವ ಡೀಬಗರ್ ಕೇಬಲ್ ಕಿತ್ತು ನೋಡಿದೆ. ಅದು ಸಿಕ್ಕಿಸಿದ್ದರೆ ಎಷ್ಟೋ ಚಿಪ್‌ಗಳು ಪೂರ್ತಿ ಮಲಗುವುದೇ ಇಲ್ಲ. ಆದರೂ ಅಂಕಿ ಇಳಿಯಲಿಲ್ಲ. ಒಂದೊಂದೇ ಪಿನ್ ನೋಡುತ್ತಾ ಹೋದಾಗ ಸಿಕ್ಕಿತು. ಕರೆಂಟ್ ಉಳಿಯಲಿ ಎಂದು, ಮಲಗುವ ಮುಂಚೆ ನಾನೇ ಬಳಸದ ಪಿನ್‌ಗಳನ್ನೆಲ್ಲ ಔಟ್‌ಪುಟ್ ಲೋ (ಸೊನ್ನೆ ವೋಲ್ಟ್) ಮಾಡಿದ್ದೆ. ಅವುಗಳಲ್ಲಿ ಒಂದು ಸೆನ್ಸರ್‌ನ ಇಂಟರಪ್ಟ್ ಲೈನ್ (ಸೆನ್ಸರ್ ಚಿಪ್ ಅನ್ನು ಕರೆಯುವ ತಂತಿ). ಅದಕ್ಕೆ, ಲೈನನ್ನು 3 ವೋಲ್ಟ್ ಕಡೆಗೆ ಎಳೆದಿಡುವ 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ ಇತ್ತು. 3 ವೋಲ್ಟ್, 10 ಕಿಲೋಓಮ್: ಸರಿಯಾಗಿ 300 ಮೈಕ್ರೋಆಂಪ್ ಸುಮ್ನೆ ಗ್ರೌಂಡ್‌ಗೆ ಹರಿಯುತ್ತಿತ್ತು. ಹಾಗೇ ಬಿಟ್ಟಿದ್ದರೆ ಸೆಲ್ ಒಂದು ತಿಂಗಳು. ಕೋಡ್‌ನಲ್ಲಿ ಒಂದು ಸಾಲು ಬದಲಾಯಿಸಿದ್ದಕ್ಕೆ ಅದು ನಿಂತಿತು. ಆವತ್ತಿನ ಖುಷಿ ಇನ್ನೂ ನೆನಪಿದೆ.

ಈಗ ಚಿಪ್ ಆರಿಸುವಾಗ ನಾನು ಮೊದಲು ಒಂದು ಸುತ್ತಿನ ಲೆಕ್ಕ ಬರೆಯುತ್ತೇನೆ: ಏಳಲು ಎಷ್ಟು ಹೊತ್ತು, ಎಚ್ಚರ ಎಷ್ಟು ಹೊತ್ತು, ರ್‍ಯಾಮ್ ಮತ್ತು ಆರ್‌ಟಿಸಿ (ಸಮಯ ಎಣಿಸುವ ಗಡಿಯಾರ) ಉಳಿಸಿಕೊಂಡು ಮಲಗಿದರೆ ಎಷ್ಟು ಕರೆಂಟ್. ವೋಲ್ಟೇಜ್ ಸ್ಥಿರವಾಗಿಡುವ ರೆಗ್ಯುಲೇಟರ್ ತಾನೇ ಎಷ್ಟು ತಿನ್ನುತ್ತದೆ ಎಂಬುದನ್ನೂ ಸೇರಿಸುತ್ತೇನೆ. ಕೆಲವು ಹಳೆಯ ರೆಗ್ಯುಲೇಟರ್‌ಗಳು ಲೋಡ್ ಇಲ್ಲದಿದ್ದರೂ ಮಿಲಿಆಂಪ್‌ಗಟ್ಟಲೆ ತಿನ್ನುತ್ತವೆ.

ಜೊತೆಗೆ, ಚಿಪ್ ಎಷ್ಟು ಕಡಿಮೆ ವೋಲ್ಟೇಜ್‌ವರೆಗೆ ನಡೆಯುತ್ತದೆ ಎಂದು ತಪ್ಪದೆ ನೋಡುತ್ತೇನೆ. ಬಟನ್ ಸೆಲ್ ಹಳೆಯದಾದಂತೆ, ಚಳಿಯಲ್ಲಂತೂ ಇನ್ನೂ ಜಾಸ್ತಿ, ಅದರ ಒಳಗಿನ ರೆಸಿಸ್ಟನ್ಸ್ ಏರುತ್ತದೆ. ರೇಡಿಯೋ ಆನ್ ಆದ ಕ್ಷಣ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗುತ್ತದೆ. ಅದಕ್ಕೇ 1.8 ವೋಲ್ಟ್‌ವರೆಗೆ ನಡೆಯುವ ಚಿಪ್ ಹುಡುಕುತ್ತೇನೆ, ಆ ಕ್ಷಣದ ಕರೆಂಟ್ ಕೊಡಲು ಸೆಲ್ ಪಕ್ಕದಲ್ಲೇ ಲೀಕೇಜ್ (ತಾನಾಗಿ ಸೋರುವ ಕರೆಂಟ್) ಕಡಿಮೆ ಇರುವ ದೊಡ್ಡ ಕೆಪಾಸಿಟರ್ ಒಂದನ್ನು ಕೂರಿಸುತ್ತೇನೆ.