ಪೆಟ್ಟಿಗೆಯೊಳಗಿನ ಜೀರುಂಡೆ: ಕಾಜೋನ್ ಕೆಲಸದ ಐದನೇ ಕಂತು

ಜೀರುಂಡೆ ಸಿಕ್ಕಿತು. ಸತ್ತಿಲ್ಲ, ಯಾರಿಗೂ ಕೇಳಿಸದ ಮೂಲೆಗೆ ಓಡಿಸಿದ್ದಾಗಿದೆ. ಈ ಕಂತು ಪೂರ್ತಿ ಅದರದ್ದೇ. ಕಾಜೋನ್ ಅಂದರೆ ಮೇಲೆ ಕೂತು ಮುಂದಿನ ಮುಖಕ್ಕೆ ಕೈಯಲ್ಲಿ ಬಾರಿಸುವ ಮರದ ಪೆಟ್ಟಿಗೆ ವಾದ್ಯ, ಜೀರುಂಡೆ ಅಂದರೆ ಅದರೊಳಗಿಂದ ತಾನಾಗಿ ಬರುತ್ತಿದ್ದ ‘ಝರ್’ ಸದ್ದು.

ಪೆಟ್ಟಿಗೆ ಕಟ್ಟುವ ಕಥೆ ಇಲ್ಲಿ ಮತ್ತೆ ಬೇಡ. ಲೆಕ್ಕಕ್ಕೆ ಬೇಕಾದ ಅಳತೆ ಇಷ್ಟು: ಹೊರಗಿನಿಂದ 30 × 30 ಸೆಂ.ಮೀ., ಎತ್ತರ 45. ಅಂಗಡಿ ಕಾಜೋನ್‌ಗಳು 48ರಿಂದ 50 ಇರುತ್ತವೆ. ಆದರೆ ಹಾಸನದ ಈ ಚರ್ಚ್ ಯುವಕೂಟದಲ್ಲಿ ಮೇಲೆ ಕೂತು ಬಾರಿಸುವವರು ಎಂಟನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗಿನವರು, ಕಾಲು ನೆಲಕ್ಕೆ ಸಿಗಬೇಕು. ಗೋಡೆಗಳು 12 ಎಂ.ಎಂ. ಪ್ಲೈ, ಬಾರಿಸುವ ಮುಖ, ಅಂದರೆ ಟಾಪಾ, 3 ಎಂ.ಎಂ. ಹಿಂಬದಿಯ ತೂತು 12 ಸೆಂ.ಮೀ. ಒಳಗೆ 20 ಎಳೆಯ ಸ್ನೇರ್ ವೈರನ್ನು, ಅಂದರೆ ಡ್ರಮ್ಮಿಗೆ ಹಾಕುವ ಸುರುಳಿ ತಂತಿಗಳ ಪಟ್ಟಿಯನ್ನು, ನಡುವೆ ಕತ್ತರಿಸಿ, ಎರಡು ತುಂಡು ಮಾಡಿ, ಅಡ್ಡ ರೀಪಿಗೆ ಹೊಡೆದು, ಮೇಲಂಚಿನಿಂದ 11 ಸೆಂ.ಮೀ. ಕೆಳಗೆ ಟಾಪಾಕ್ಕೆ ತಾಗಿಸಿದೆ. ಕ್ಲ್ಯಾಂಪ್ ಸಾಲದ್ದಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದು. ಶನಿವಾರ ಸಂಜೆ ಟ್ಯೂಷನ್ ಬಿಟ್ಟಮೇಲೆ ಫೆವಿಕಾಲ್, ಭಾನುವಾರ ಪೂಜೆ ಮುಗಿದಮೇಲೆ ಟ್ಯೂಬ್ ಬಿಚ್ಚುವುದು. ಮಳೆಗಾಲದಲ್ಲಿ ಅಂಟಿಗೆ ಆ ಇಡೀ ರಾತ್ರಿ ಬೇಕೇ ಬೇಕು, ಹಾಗಾಗಿ ಶಾಲೆಯ ವೇಳಾಪಟ್ಟಿಯೂ ಅಂಟಿನ ವೇಳಾಪಟ್ಟಿಯೂ ಜಗಳವಿಲ್ಲದೆ ಹೊಂದಿಕೊಂಡವು.

ಪ್ಲೈ ಮಾರುವವರ ಬಗ್ಗೆ ನಾಲ್ಕು ಮಾತು ಆಡದೆ ಮುಂದೆ ಹೋಗಲಾಗದು. ಅಂಗಡಿಯ 12 ಎಂ.ಎಂ. ವರ್ನಿಯರ್ ಹಿಡಿದರೆ 11.2, 3 ಎಂ.ಎಂ. ಅಂದದ್ದು 2.6. ಕೇಳಿದರೆ ‘ಕಂಪನಿಯಿಂದಲೇ ಹಂಗೆ ಬರುತ್ತೆ’. ಅರ್ಧ ಶೀಟ್ ಕೊಡುವುದಿಲ್ಲ, ಎಂಟು ಬೈ ನಾಲ್ಕು ಅಡಿಯದ್ದು ಪೂರ್ತಿ ಹೊತ್ತುಕೊಂಡು ಹೋಗಬೇಕು. ಕಾಗದದ ಮೇಲೆ ಅದರಲ್ಲಿ ಐದು ಪೆಟ್ಟಿಗೆ ಬರುತ್ತವೆ. ಗರಗಸ ತಿನ್ನುವುದನ್ನೂ ಮುರಿದ ಅಂಚನ್ನೂ ಕಳೆದರೆ ನಾಲ್ಕು. ಆನ್‌ಲೈನ್‌ನಲ್ಲಿ ತರಿಸಿದ 14 ಇಂಚಿನ ಸ್ನೇರ್ 13 ಇಂಚಿನದ್ದಾಗಿ ಬಂತು. ಕಾಜೋನ್‌ಗೆ ಹೇಗಿದ್ದರೂ ಕತ್ತರಿಸುವುದೇ ಆದ್ದರಿಂದ ವಾಪಸ್ ಕಳಿಸುವ ಗೋಜಿಗೆ ಹೋಗಲಿಲ್ಲ. ಆ ಮಾರಾಟಗಾರನಿಗೆ ಇದು ಮೊದಲೇ ಗೊತ್ತಿತ್ತೋ ಏನೋ.

ಈಗ ಜೀರುಂಡೆ. ನಾಲ್ಕೂ ಪೆಟ್ಟಿಗೆಗಳು ಬಾರಿಸಿದಾಗ ಚೆನ್ನಾಗಿಯೇ ಇದ್ದವು. ನಡುವೆ ಹೊಡೆದರೆ ‘ಧಂ’, ಮೇಲಂಚಿಗೆ ಹೊಡೆದರೆ ‘ಟಕ್’. ತೊಂದರೆ ಬಂದದ್ದು ಬಾರಿಸದಿದ್ದಾಗ. ಪಕ್ಕದಲ್ಲಿ ಗಿಟಾರಿನವರು ಜಿ ಕಾರ್ಡ್ (ಜಿ ತಳವಾಗಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಳೆದರೆ ಸಾಕು, ಕೈ ಸೋಕದ ಪೆಟ್ಟಿಗೆಯೊಳಗಿಂದ ಒಂದು ‘ಝರ್ರ್ರ್’. ಹಾಡಿನ ಗದ್ದಲದಲ್ಲಿ ಗೊತ್ತಾಗದು. ಹಾಡು ಮುಗಿದು, ಮೌನ ಪ್ರಾರ್ಥನೆಗೆ ದೀಪ ಆರಿಸಿ, ಹಿಂದೆ ಮೆಲ್ಲಗೆ ಗಿಟಾರ್ ಮಾತ್ರ ಉಳಿದಾಗ ನಾಲ್ಕು ಪೆಟ್ಟಿಗೆಗಳೂ ಒಟ್ಟಿಗೆ ಶಿರಾಡಿ ಘಾಟಿಯ ಜೀರುಂಡೆಗಳಂತೆ ಶುರು. ಯುವಕೂಟದ ಹಾಡುಗಳಲ್ಲಿ ಹತ್ತಕ್ಕೆ ಏಳು ಜಿ ಸ್ಕೇಲ್‌ನಲ್ಲೇ ಇರುತ್ತವೆ. ಕಲಿಯುವವರಿಗೆ ಜಿ, ಸಿ, ಡಿ, ಇ ಮೈನರ್ ಸುಲಭ ಎಂಬುದಷ್ಟೇ ಕಾರಣ. ಇದರಲ್ಲಿ ದೈವಶಾಸ್ತ್ರವೇನೂ ಇಲ್ಲ.

ಪತ್ತೆಗೆ ಹಿಡಿದದ್ದು ‘ನೋಡು, ವಿಮರ್ಶಿಸು, ಕಾರ್ಯಕ್ಕಿಳಿ’ ಎಂಬ ಕ್ರಮ. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಯುವ ಕಾರ್ಮಿಕರಿಗೆ ಹೇಳಿಕೊಟ್ಟದ್ದು, ಈಗ ವೈ.ಸಿ.ಎಸ್. ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯ ಮಕ್ಕಳಿಗೆಲ್ಲ ಬಾಯಿಪಾಠ. ಕಾರ್ಡೈನ್ ಅದನ್ನು ಸಮಾಜದ ಸಮಸ್ಯೆಗೆ ಹೇಳಿದ್ದು. ಸ್ನೇರ್ ವೈರಿಗೂ ಹೊಂದುತ್ತದೆ.

ನೋಡುವುದು: ಝರ್ ಅನ್ನಬಲ್ಲ ಜಾಗಗಳು ನಾಲ್ಕು. ಸ್ನೇರ್, ಸಡಿಲ ಸ್ಕ್ರೂ, ಟಾಪಾ ಮತ್ತು ಗೋಡೆಯಂಚಿನ ನಡುವಿನ ಬಿರುಕು, ಪ್ಲೈಯೊಳಗಿನ ಪೊಳ್ಳು. ಒಂದೊಂದನ್ನೇ ಬಾಯಿ ಮುಚ್ಚಿಸುತ್ತ ಹೋಗಬೇಕು. ತೂತಿನೊಳಗೆ ಕೈ ಹಾಕಿ ಸ್ನೇರ್ ಮತ್ತು ಟಾಪಾ ನಡುವೆ ಮಡಿಚಿದ ಕರವಸ್ತ್ರ ತುರುಕಿ. ಸದ್ದು ನಿಂತರೆ ಕಳ್ಳ ಸ್ನೇರೇ. ನಿಲ್ಲದಿದ್ದರೆ ಸ್ಕ್ರೂಗಳ ಸುತ್ತ ಹೆಬ್ಬೆರಳಲ್ಲಿ ಒತ್ತುತ್ತ ಬನ್ನಿ, ಒತ್ತಿದಾಗ ನಿಲ್ಲುವ ಜಾಗವೇ ಬಿರುಕು. ಪೊಳ್ಳು ಪತ್ತೆಗೆ ಬೆರಳ ಗೆಣ್ಣಿನಿಂದ ತಟ್ಟುವುದು, ಗೋಡೆಗೆ ಮೊಳೆ ಹೊಡೆಯುವ ಮುಂಚೆ ತಟ್ಟಿ ನೋಡುವಂತೆ. ನಾಲ್ಕರಲ್ಲಿ ಒಂದು ಪೆಟ್ಟಿಗೆಗೆ ಪೊಳ್ಳಿನ ರೋಗವೂ ಇತ್ತು. ಎರಡು ಮಿಲಿಮೀಟರ್ ತೂತು ಕೊರೆದು, ಸಿರಿಂಜಿನಲ್ಲಿ ಅಂಟು ಇಳಿಸಿ, ಮೇಲೆ ಇಟ್ಟಿಗೆ ಹೇರಿದ ಮೇಲೆ ಅದು ಸರಿಹೋಯಿತು. ಉಳಿದ ಮೂರರಲ್ಲೂ ಕರವಸ್ತ್ರಕ್ಕೆ ಸದ್ದು ನಿಂತಿತು.

ಯಾವ ಸ್ವರಕ್ಕೆ ಹೆಚ್ಚು ಎಂದು ನೋಡಲು ಫೋನಿನ ಟೋನ್ ಜನರೇಟರ್ ಆ್ಯಪ್ ಹಾಕಿದರಾಯಿತು ಎಂದು ಹೊರಟವರು ಎರಡು ಶನಿವಾರ ಹಾಳು ಮಾಡಿಕೊಳ್ಳಬಹುದು, ಎಚ್ಚರ. ಫೋನಿನ ಪುಟ್ಟ ಸ್ಪೀಕರಿಗೆ 98 ಹರ್ಟ್ಜ್, ಅಂದರೆ ಸೆಕೆಂಡಿಗೆ 98 ಕಂಪನದ ತಗ್ಗು ಸ್ವರ, ನುಡಿಸುವ ತಾಕತ್ತಿಲ್ಲ. ಪರದೆಯ ಮೇಲೆ 98 ಎಂದು ಕಂಡರೂ ಹೊರಬರುವುದು ಅದರ ಎರಡರಷ್ಟು ಮೂರರಷ್ಟಿನ ಚೂರುಪಾರು. ಸಭಾಂಗಣದ ದೊಡ್ಡ ಸ್ಪೀಕರಿಗೇ ಜೋಡಿಸಿ. ಪೆಟ್ಟಿಗೆಯನ್ನು ಟಾಪಾ ಮೇಲ್ಮುಖವಾಗಿ ಎರಡು ರೀಪಿನ ಮೇಲೆ ಮಲಗಿಸಿ, ಹಿಂದಿನ ತೂತಿಗೆ ಗಾಳಿಯಾಡಲಿ. ಟಾಪಾ ಮೇಲೆ ಒಂದು ಚಮಚ ರವೆ ಉದುರಿಸಿ. ಬನ್ಸಿ ರವೆ ಬೇಡ, ಚಿರೋಟಿ ರವೆ. 70ರಿಂದ ಒಂದೊಂದೇ ಹರ್ಟ್ಜ್ ಏರಿಸಿ. 90ರವರೆಗೆ ರವೆ ಸುಮ್ಮನೆ ಕೂತಿತ್ತು. 94ಕ್ಕೆ ನಡುಕ, 97ಕ್ಕೆ ಉಪ್ಪಿಟ್ಟಿಗೆ ಹುರಿಯುವಾಗಿನ ಕುಣಿತ, 101 ದಾಟಿದರೆ ಮತ್ತೆ ತಣ್ಣಗೆ. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್, ಅಂದರೆ ಜಿ ಕಾರ್ಡಿನ ತಳದ ಸ್ವರ, ಸರಿಯಾಗಿ 98.

ವಿಮರ್ಶೆ: 97 ಎಲ್ಲಿಂದ ಬಂತು? ಖಾಲಿ ಬಾಟಲಿಯ ಬಾಯಿಗೆ ಊದಿದರೆ ‘ಭೂಂ’ ಅನ್ನುವುದಲ್ಲ, ಅದೇ. ಒಳಗಿನ ಗಾಳಿ ಸ್ಪ್ರಿಂಗು, ತೂತಿನಲ್ಲಿರುವ ಗಾಳಿ ಅದಕ್ಕೆ ನೇತುಬಿದ್ದ ತೂಕ. ಹೆಲ್ಮ್‌ಹೋಲ್ಟ್ಜ್ ಸೂತ್ರ ಹೀಗೆ: ತೂತಿನ ವಿಸ್ತೀರ್ಣವನ್ನು, ಒಳಗಿನ ಗಾತ್ರ ಮತ್ತು ತೂತಿನ ಉದ್ದ ಇವೆರಡರ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆದು, ಸದ್ದಿನ ವೇಗವನ್ನು 6.28ರಿಂದ ಭಾಗಿಸಿ ಬಂದದ್ದರಿಂದ ಗುಣಿಸಿ. ಎಲ್ಲವೂ ಮೀಟರಿನಲ್ಲಿರಲಿ. ತೂತಿನ ಉದ್ದ ಎಂದರೆ ಪ್ಲೈ ದಪ್ಪವಷ್ಟೇ ಎಂದುಕೊಂಡರೆ ಉತ್ತರ ಎಲ್ಲೋ ಹೋಗುತ್ತದೆ. ತೂತಿನ ಎರಡೂ ಬದಿಯ ಗಾಳಿಯೂ ಸ್ವಲ್ಪ ಜೊತೆಗೆ ಓಡಾಡುತ್ತದೆ, ಬದಿಗೊಂದರಂತೆ ತ್ರಿಜ್ಯದ 0.85 ಪಾಲು ಸೇರಿಸಬೇಕು. 12 ಸೆಂ.ಮೀ. ತೂತಿಗೆ 1.2 ಜೊತೆ 10.2, ಒಟ್ಟು 11.4 ಸೆಂ.ಮೀ. ಒಳಗಾತ್ರ, ಮೂಲೆಯ ರೀಪುಗಳನ್ನು ಕಳೆದು, 33 ಲೀಟರ್. ಸೂತ್ರ 95 ಅಂದಿತು, ರವೆ 97 ಅಂದಿತು. ಚಿರೋಟಿ ರವೆಯ ಮಟ್ಟಕ್ಕೆ ಇದು ನಿಖರವೇ.

ಅಂದರೆ ಎಸ್ಸೆಸ್ಸೆಲ್ಸಿ ಮಕ್ಕಳ ಕಾಲು ನೆಲಕ್ಕೆ ಸಿಗಲಿ ಎಂದು ಮೂರು ಸೆಂಟಿಮೀಟರ್ ಕುಳ್ಳಗಾಗಿಸಿದ್ದೇ ಪೆಟ್ಟಿಗೆಯನ್ನು ಜಿ ಹತ್ತಿರಕ್ಕೆ ತಂದದ್ದು. 48 ಎತ್ತರವಿದ್ದಿದ್ದರೆ 91ರ ಆಸುಪಾಸು ನಿಲ್ಲುತ್ತಿತ್ತು.

ಇನ್ನೊಂದು ಒಗಟು: ಬಿಸಿಲಿದ್ದ ದಿನ ಸದ್ದೇ ಇಲ್ಲ. ಸಕಲೇಶಪುರದ ಕಡೆಯಿಂದ ಮೋಡ ಬಂದು ಎರಡು ದಿನ ಜಿಟಿಜಿಟಿ ಹಿಡಿದರೆ ಮತ್ತೆ ಶುರು. ಕಾರಣ ವಾರ್ನಿಷ್. ಚೆಂದ ಕಾಣಲಿ ಎಂದು ಹೊರಮುಖಕ್ಕೆ ಮೂರು ಕೋಟ್, ಒಳಮುಖಕ್ಕೆ ಸೊನ್ನೆ. ಥಂಡಿ ಹವೆಯಲ್ಲಿ ಒಳಮುಖ ಮಾತ್ರ ತೇವ ಹೀರಿ ಹಿಗ್ಗುತ್ತದೆ, ಟಾಪಾ ಹಪ್ಪಳದಂತೆ ಬಾಗುತ್ತದೆ. ಅಡ್ಡಲಾಗಿ ಸ್ಕೇಲ್ ಇಟ್ಟು ನೋಡಿದರೆ ಒಂದು ಮಿಲಿಮೀಟರಿಗೂ ಕಮ್ಮಿ. ಆದರೆ ಸ್ನೇರಿಗೆ ಅಷ್ಟು ಸಾಕು. ಒತ್ತಿ ಕೂತಿದ್ದ ಎಳೆಗಳಲ್ಲಿ ಕೆಲವು ಈಗ ಸುಮ್ಮನೆ ಸೋಕಿಕೊಂಡಿರುತ್ತವೆ. ಗಟ್ಟಿಯಾಗಿ ಒತ್ತಿದ ತಂತಿ ಸಣ್ಣ ನಡುಕಕ್ಕೆ ಜಗ್ಗುವುದಿಲ್ಲ, ಪೂರ್ತಿ ದೂರವಿರುವುದು ತಾಗುವುದೇ ಇಲ್ಲ. ಸೋಕಿಕೊಂಡಿರುವುದು ಮಾತ್ರ ಗಾಳಿಗೂ ಹರಟುತ್ತದೆ.

ಕಾರ್ಯಕ್ಕಿಳಿಯುವ ಮುಂಚೆ ಫಲಿಸದ ಮದ್ದುಗಳನ್ನೂ ಹೇಳಿಬಿಡಬೇಕು, ಇವುಗಳ ಸಲಹೆ ಎಲ್ಲ ಕಡೆ ಪುಕ್ಕಟೆ ಸಿಗುತ್ತದೆ. ಸ್ಕ್ರೂ ಬಿಗಿ ಮಾಡಿದರೆ ಜೀರುಂಡೆ ಹಾಗೇ ಉಳಿದು ಮೇಲಿನ ಮೂಲೆಗಳ ‘ಟಕ್’ ಸತ್ತಿತು. ಆ ಎರಡು ಮೂಲೆ ಸ್ಕ್ರೂಗಳು ಕಾಲು ಸುತ್ತು ಸಡಿಲವಿರಲೇಬೇಕು. ಒಳಗೆ ಸ್ಪಂಜ್ ತುಂಬಿದರೆ ‘ಧಂ’ ಹೋಗಿ ತಗಡಿನ ಡಬ್ಬವಾಯಿತು. ತಂತಿಗಳ ಮೇಲೆ ಟೇಪ್ ಅಂಟಿಸಿದರೆ ಒಂದು ವಾರ ಚೆನ್ನ, ಆಮೇಲೆ ಥಂಡಿಗೆ ಟೇಪೇ ಬಿಟ್ಟುಕೊಂಡು ಅದೂ ಝರ್ ಅನ್ನತೊಡಗಿತು. ಸ್ನೇರನ್ನೇ ಕಿತ್ತುಬಿಡಿ ಎಂದವರ ವಾದಕ್ಕೆ ಇತಿಹಾಸದ ಬೆಂಬಲವಿದೆ. ಪೆರುವಿನ ಮೂಲ ಕಾಜೋನ್‌ಗೆ ತಂತಿಯೇ ಇಲ್ಲ. ಫ್ಲಮೆಂಕೊ ಎಂಬ ಸ್ಪೇನಿನ ಸಂಗೀತದ ಗಿಟಾರ್ ವಾದಕ ಪಾಕೊ ದೆ ಲೂಸಿಯಾ 1970ರ ದಶಕದಲ್ಲಿ ಅದನ್ನು ಪೆರುವಿನಿಂದ ಸ್ಪೇನಿಗೆ ತಂದ ಮೇಲೆ ಫ್ಲಮೆಂಕೊದವರು ತಂತಿ ಸೇರಿಸಿದ್ದು. ಆದರೆ ಡ್ರಮ್ ಸೆಟ್ ಕೊಳ್ಳಲಾಗದ ಕೂಟಕ್ಕೆ ಸ್ನೇರಿನ ‘ಟಕ್’ ಇಲ್ಲದ ಕಾಜೋನ್ ಎಂದರೆ ಒಗ್ಗರಣೆಯಿಲ್ಲದ ಸಾರು.

ಫಲಿಸಿದ್ದು ಮೂರು, ಮೂರೂ ಒಟ್ಟಿಗೆ ಬೇಕು.

ಮೊದಲು, ಟಾಪಾ ಬಿಚ್ಚಿ ಎರಡು ಬಿಸಿಲು ಕಂಡ ಮೇಲೆ ಒಳಮುಖಕ್ಕೆ ಎರಡು ಕೋಟ್ ಸ್ಯಾಂಡಿಂಗ್ ಸೀಲರ್, ನಡುವೆ 220ರ ಸ್ಯಾಂಡ್‌ಪೇಪರ್, ಮೇಲೆ ಒಂದು ಕೋಟ್ ವಾರ್ನಿಷ್. ಅಂಚಿನ ನಾಲ್ಕು ಬದಿ ಮರೆಯಬೇಡಿ, ಪ್ಲೈ ನೀರು ಕುಡಿಯುವುದೇ ಅಂಚಿನಿಂದ. ಮಳೆ ಸುರಿಯುವಾಗ ಹಚ್ಚಿದರೆ ವಾರ್ನಿಷ್ ಹಾಲಿನಂತೆ ಬೆಳ್ಳಗಾಗುತ್ತದೆ. ಮಳೆ ಬಿಡುವು ಕೊಟ್ಟ ದಿನ ಮಧ್ಯಾಹ್ನವೇ ಹಚ್ಚಿ.

ಎರಡನೆಯದು, ಸ್ನೇರಿನ ಒತ್ತಡ. ರೀಪಿನ ಕೆಳಗೆ ವಿಸಿಟಿಂಗ್ ಕಾರ್ಡಿನ ತುಂಡುಗಳನ್ನು ಪ್ಯಾಕಿಂಗ್ ಕೊಡುವುದು. ಒಂದೊಂದು ಸುಮಾರು 0.3 ಎಂ.ಎಂ. ಒಂದು ಹಾಕಿದರೆ ಸದ್ದು ಅರ್ಧ, ಎರಡಕ್ಕೆ ಸರಿ, ಮೂರಕ್ಕೆ ಮೆಲ್ಲನೆಯ ಬೆರಳಾಟ ಕೇಳಿಸುವುದಿಲ್ಲ. ಪ್ಲೈ ಅಂಗಡಿಯ ವಿಸಿಟಿಂಗ್ ಕಾರ್ಡನ್ನೇ ಬಳಸಿದರೆ ಮನಸ್ಸಿಗೂ ಸಮಾಧಾನ, ಆ ಅಂಗಡಿಯಿಂದ ಬಂದವುಗಳಲ್ಲಿ ಹೇಳಿದಷ್ಟೇ ದಪ್ಪವಿದ್ದದ್ದು ಅದೊಂದೇ.

ಮೂರನೆಯದೇ ನಿಜವಾದ ಗೆಲುವು. ಇವೆರಡು ಆದಮೇಲೂ ಜೋರು ಜಿ ಎಳೆದರೆ ಪಿಸುಗುಡುವಷ್ಟು ಉಳಿದಿತ್ತು. ಪೆಟ್ಟಿಗೆಯ ಸ್ವರವನ್ನೇ ಸರಿಸಬೇಕು, ಆದರೆ ಎಲ್ಲಿಗೆ? ಗಿಟಾರಿನ ತಳದ ಸ್ವರಗಳು: ಇ 82.4, ಎಫ್ 87.3, ಎಫ್ ಶಾರ್ಪ್ 92.5, ಜಿ 98, ಎ 110. ಇ ಬೇಡ, ಇ ಮೈನರ್ ಪ್ರತಿ ಹಾಡಿನಲ್ಲೂ ಬರುತ್ತದೆ. ಎಫ್ ಶಾರ್ಪ್ ಬೇಡ, ಜಿಯಿಂದ ಇ ಮೈನರಿಗೆ ಇಳಿಯುವಾಗ ನಡುವೆ ಡಿ ಕಾರ್ಡನ್ನು ಎಫ್ ಶಾರ್ಪ್ ಮೇಲೆ ಹಿಡಿಯುವ ಚಾಳಿ ಎಲ್ಲರಿಗೂ ಇದೆ. ಉಳಿದದ್ದು ಎಫ್. ಅಷ್ಟೂ ತಂತಿ ಒಂದೇ ಬೆರಳಲ್ಲಿ ಒತ್ತಬೇಕಾದ ಆ ಕಾರ್ಡನ್ನು ಯುವಕೂಟದ ಗಿಟಾರಿನವರು ಪಾಪಕ್ಕಿಂತ ಹೆಚ್ಚು ಶ್ರದ್ಧೆಯಿಂದ ದೂರವಿಡುತ್ತಾರೆ. ಯಾರೂ ನುಡಿಸದ ಸ್ವರಕ್ಕೆ ಪೆಟ್ಟಿಗೆಯನ್ನು ಶ್ರುತಿ ಮಾಡಿದರೆ ಜೀರುಂಡೆಗೆ ಹಾಡಲು ಅವಕಾಶವೇ ಇಲ್ಲ.

ಸೂತ್ರ ತಿರುಗಿಸಿದರೆ ಎಫ್‌ಗೆ ಬೇಕಾದ ತೂತು 10.5 ಸೆಂ.ಮೀ. ಟಾಪಾ ಕತ್ತರಿಸಿ ಉಳಿದ 3 ಎಂ.ಎಂ. ತುಂಡಿನಲ್ಲಿ ಹೊರಗೆ 16, ಒಳಗೆ 10.5 ಸೆಂ.ಮೀ. ಉಂಗುರ ಕೊರೆದು, ಹಿಂಬದಿಗೆ ನಾಲ್ಕು ಸ್ಕ್ರೂ. ಉಂಗುರದಡಿ ತೆಳು ಫೋಮ್ ಟೇಪ್ ಹಾಕದಿದ್ದರೆ ಉಂಗುರವೇ ಹೊಸ ಜೀರುಂಡೆಯಾಗುತ್ತದೆ. ರವೆ ಈಗ 88ಕ್ಕೆ ಕುಣಿಯುತ್ತದೆ, 98ಕ್ಕೆ ಕದಲುವುದಿಲ್ಲ. ‘ಧಂ’ ಒಂಚೂರು ಮೆತ್ತಗಾಗಿದೆ, ಆದರೆ ಇನ್ನಷ್ಟು ಆಳಕ್ಕಿಳಿದಿದೆ. ಹೆಂಚಿನ ಮಾಡಿನ ಸಭಾಂಗಣಕ್ಕೆ ಇದೇ ಚೆನ್ನ. ಬಯಲಲ್ಲಿ ಸಾಲದು. ಶೆಟ್ಟಿಹಳ್ಳಿಯ ಹಳೇ ಚರ್ಚಿನಂಥ, ಹೇಮಾವತಿಯ ನೀರು ಇಳಿದಾಗಷ್ಟೇ ಕಾಲಿಡಬಹುದಾದ, ಮಾಡಿಲ್ಲದ ಜಾಗಕ್ಕೆ ಪ್ರವಾಸ ಹೋದರೆ ಸದ್ದು ಗೋಡೆಗೆ ಬಡಿದು ಮರಳುವುದಿಲ್ಲ. ಅಲ್ಲಿ ಉಂಗುರ ಬಿಚ್ಚಿಡುವುದೇ ಸರಿ. ಜೀರುಂಡೆ ಕೂಗಿದರೂ ಬಯಲಲ್ಲಿ ಅನುಮಾನ ಬರುವುದು ನಿಜವಾದದ್ದರ ಮೇಲೆಯೇ.

ಮುಂದಿನ ಕೆಲಸ ಗೋದಲಿ, ಅಂದರೆ ಕ್ರಿಸ್‌ಮಸ್‌ಗೆ ಕಟ್ಟುವ ಬಾಲಯೇಸುವಿನ ಕೊಟ್ಟಿಗೆ. ಈ ಸಲ ಹುಲ್ಲಿಗೆ ಬಣ್ಣದ ಮರದ ಪುಡಿ ಬೇಡ, ರಾಗಿ ಪೈರು. ಟ್ರೇಯಲ್ಲಿ ಎರಡು ಇಂಚು ಮಣ್ಣು, ಒಂದು ರಾತ್ರಿ ನೆನೆಸಿದ ರಾಗಿ, ಮೇಲೆ ಒದ್ದೆ ಗೋಣಿ. ಡಿಸೆಂಬರಿನ ಚಳಿಗೆ ಮೊಳಕೆ ನಿಧಾನ, ಕ್ರಿಸ್‌ಮಸ್ ಹಿಂದಿನ ದಿನಕ್ಕೆ ಎರಡು ಮೂರು ಇಂಚು ಬೇಕೆಂದರೆ 10ನೇ ತಾರೀಕಿನೊಳಗೆ ಚೆಲ್ಲಿರಬೇಕು. ತೊರೆ ಹರಿಸಲು ಕೂಲರಿನ 18 ವ್ಯಾಟ್ ಪಂಪು ಸಾಕು, ಆದರೆ ಅದರ ಗೊರಗೊರ ನಿಲ್ಲಿಸಲು ಸ್ಪಂಜಿನ ಮೇಲೆ ಕೂರಿಸಬೇಕು. ಕಾಜೋನ್‌ನೊಳಗಿಂದ ತೆಗೆದ ಸ್ಪಂಜ್ ಹಾಗೇ ಇದೆ.

ಇದನ್ನು ಮುಗಿಸುವ ಹೊತ್ತಿಗೆ ಕ್ವಾಯರ್‌ನಿಂದ ಕ್ರಿಸ್‌ಮಸ್ ಹಾಡುಗಳ ಪಟ್ಟಿ ಬಂತು. ಕೀಬೋರ್ಡಿನವರು ಹೆಣ್ಣುಮಕ್ಕಳ ದನಿಗೆ ಅನುಕೂಲವೆಂದು ಮೂರು ಹಾಡನ್ನು ಎಫ್ ಸ್ಕೇಲಿಗೆ ತಂದಿದ್ದಾರೆ. ಎಫ್ ಸ್ಕೇಲ್‌ನಲ್ಲಿ ಎಫ್ ಶಾರ್ಪ್ ಬರುವುದಿಲ್ಲ, ಆ ಮೂರು ಹಾಡಿಗೆ ಪೆಟ್ಟಿಗೆಯನ್ನು ಅಲ್ಲಿಗೆ ಸರಿಸಬಹುದು. 11.5 ಸೆಂ.ಮೀ. ಉಂಗುರಕ್ಕೆ ಸೂತ್ರ 92 ಅನ್ನುತ್ತಿದೆ. ಶನಿವಾರ ಮತ್ತೆ ಗರಗಸ, ಮತ್ತೆ ರವೆ.