ಇವತ್ತೂ ಸಿಡಿಯಲಿಲ್ಲ, ಬರೆದಿಟ್ಟಿದ್ದೇನೆ

ಸೋಮವಾರ, ಜೂನ್ 30, 2025

ಜೂಲಿಯನ್ ದಿನ (ಖಗೋಳ ವೀಕ್ಷಕರು ಬಳಸುವ ದಿನಗಳ ಎಣಿಕೆ) 2460857. ಟಿ ಕೊರೋನೆ ಬೊರಿಯಾಲಿಸ್, ಕಾಂತಿಮಾನ 10.0. ಬದಲಾವಣೆ ಇಲ್ಲ.

ಇವತ್ತು ಬರೆದ ಸಾಲುಗಳಲ್ಲಿ ಇದೇ ಎಲ್ಲಕ್ಕಿಂತ ಸಪ್ಪೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಇದೇ. ಟಿ ಅಂದರೆ ಉತ್ತರ ಕಿರೀಟ ರಾಶಿಯ ಒಂದು ನಕ್ಷತ್ರ, ಸುಮಾರು 80 ವರ್ಷಕ್ಕೊಮ್ಮೆ ಸಿಡಿಯುತ್ತದೆ, ಮುಂದಿನ ಸಿಡಿತಕ್ಕೆ ಕಾಯುತ್ತಿದ್ದೇವೆ. ಕಾಂತಿಮಾನ ಅಂದರೆ ನಕ್ಷತ್ರದ ಹೊಳಪಿನ ಅಳತೆ, ಸಂಖ್ಯೆ ಕಡಿಮೆ ಆದಷ್ಟೂ ಹೊಳಪು ಹೆಚ್ಚು.

ಈ ತಿಂಗಳು ಆಕಾಶದಲ್ಲಿ ಸುದ್ದಿಗೇನೂ ಕೊರತೆ ಇರಲಿಲ್ಲ. ಜೂನ್ 12ರಂದು ಲೂಪಸ್, ಅಂದರೆ ತೋಳದ ರಾಶಿಯಲ್ಲಿ ಒಂದು ನೋವಾ (ಸಿಡಿದು ದಿಢೀರನೆ ಬೆಳಗುವ ನಕ್ಷತ್ರ) ಸಿಕ್ಕಿತು. ಈಗ ಅದರ ಹೆಸರು ವಿ462 ಲೂಪೈ. ಪ್ರತಿ ರಾತ್ರಿ ಆಕಾಶವನ್ನು ಜಾಲಾಡುವ ಆಸಾಸ್-ಎಸ್‌ಎನ್ ಎಂಬ ಸಣ್ಣ ದೂರದರ್ಶಕಗಳ ಜಾಲ ಅದನ್ನು ಹಿಡಿಯಿತು. ಕೆಲವೇ ದಿನಗಳಲ್ಲಿ ಅದು ಬರಿಗಣ್ಣಿಗೆ ಕಾಣುವಷ್ಟು ಬೆಳಗಿತು. ಅದು ಇನ್ನೂ ಆರಿರಲಿಲ್ಲ, ಜೂನ್ 25ಕ್ಕೆ ವೀಲಾ ರಾಶಿಯಲ್ಲಿ ಇನ್ನೊಂದು: ವಿ572 ವೆಲೋರಮ್. ಇದು ಇನ್ನೂ ಪ್ರಕಾಶ. ಕಾಂತಿಮಾನ 5ರ ಆಸುಪಾಸಿಗೆ ಬಂತು. ಬರಿಗಣ್ಣಿಗೆ ಎಟುಕುವ ಎರಡು ನೋವಾಗಳು ಒಂದೇ ಸಮಯಕ್ಕೆ ಆಕಾಶದಲ್ಲಿ ಇರುವುದು ತುಂಬಾ ಅಪರೂಪ. ಕತ್ತಲಾದ ಕೂಡಲೇ ನೈಋತ್ಯದಲ್ಲಿ ವಿ572 ನೋಡಿದೆ, ಆಮೇಲೆ ದಕ್ಷಿಣಕ್ಕೆ ತಿರುಗಿ ವಿ462. ಎರಡೂ ತುದಿ ಮುಟ್ಟಿ ಇಳಿಯುತ್ತಿವೆ. ಬೈನಾಕ್ಯುಲರ್ ಸಾಕಾಯಿತು. ಕಪ್ಪಾ ಸೆಂಟಾರಿ, ಡೆಲ್ಟಾ ಲೂಪೈ ಎಂಬ ಎರಡು ನಕ್ಷತ್ರಗಳ ನಡುವೆ, ಹಳೆಯ ನಕ್ಷೆಗಳಲ್ಲಿ ಏನೂ ಇಲ್ಲದ ಜಾಗದಲ್ಲಿ, ವಿ462 ಎಂಬ ಒಂದು ಚುಕ್ಕಿ. ಅದನ್ನು ನೋಡುವಾಗ ಮೈ ಜುಮ್ಮೆನ್ನುತ್ತದೆ, ಇದಕ್ಕೆ ಅಭ್ಯಾಸ ಅನ್ನುವುದೇ ಇಲ್ಲ.

ಆದರೂ ರಾತ್ರಿಯ ಹೆಚ್ಚಿನ ಹೊತ್ತು ಹೋದದ್ದು ಉತ್ತರ ಕಿರೀಟಕ್ಕೆ. ಸ್ವಾತಿಯಿಂದ ಅಭಿಜಿತ್ ಕಡೆಗೆ ಒಂದು ಗೆರೆ ಎಳೆದು, ಮೂರರಲ್ಲಿ ಒಂದು ಪಾಲು ದೂರ ಸಾಗಿದರೆ ನಕ್ಷತ್ರಗಳ ಅರ್ಧವೃತ್ತ ಸಿಗುತ್ತದೆ. ಅದರ ಪೂರ್ವದ ತುದಿಯ ಹತ್ತಿರ ಎಪ್ಸಿಲಾನ್ ಎಂಬ ನಕ್ಷತ್ರ, ಅದರ ಪಕ್ಕದಲ್ಲೇ ಟಿ. ಇದು ಒಂಟಿ ನಕ್ಷತ್ರ ಅಲ್ಲ. ಒಂದು ಕೆಂಪು ದೈತ್ಯ (ಉಬ್ಬಿದ ಮುದಿ ನಕ್ಷತ್ರ), ಒಂದು ಶ್ವೇತ ಕುಬ್ಜ (ಸತ್ತ ನಕ್ಷತ್ರದ ಸಣ್ಣ, ದಟ್ಟ ತಿರುಳು), ಎರಡೂ 227 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ನಮ್ಮಿಂದ ದೂರ ಸುಮಾರು 3000 ಜ್ಯೋತಿರ್ವರ್ಷ. ದೈತ್ಯದಿಂದ ಹೈಡ್ರೋಜನ್ ಹರಿದು ಕುಬ್ಜದ ಮೇಲೆ ಬೀಳುತ್ತಲೇ ಇರುತ್ತದೆ. ಆ ಪದರ ದಪ್ಪವಾಗುತ್ತದೆ, ತಳದಲ್ಲಿ ಒತ್ತಡ ಮತ್ತು ಬಿಸಿ ಏರುತ್ತವೆ. ಒಂದು ಹಂತದಲ್ಲಿ ಪರಮಾಣು ಬೆಂಕಿ ಹತ್ತಿ ಇಡೀ ಪದರ ಸಿಡಿದು ಹಾರುತ್ತದೆ. ಕುಬ್ಜಕ್ಕೆ ಏನೂ ಆಗುವುದಿಲ್ಲ. ಮತ್ತೆ ಹೈಡ್ರೋಜನ್ ಕೂಡಿಡಲು ಶುರು ಮಾಡುತ್ತದೆ.

ಈ ಸಿಡಿತವನ್ನು ಜಗತ್ತು 1866ರ ಮೇ 12ರಂದು ಕಂಡಿತು. ಆಮೇಲೆ 1946ರ ಫೆಬ್ರವರಿ 9ರಂದು. ನಡುವೆ 80 ವರ್ಷ. ಎರಡು ಸಲವೂ 10ರಲ್ಲಿದ್ದ ನಕ್ಷತ್ರ 2 ಅಥವಾ 3ಕ್ಕೆ ಏರಿತ್ತು. ಕಾಂತಿಮಾನದಲ್ಲಿ ಸಂಖ್ಯೆ ಕಡಿಮೆ ಆದಷ್ಟೂ ಬೆಳಕು ಜಾಸ್ತಿ ಅಲ್ವಾ? 10ರಿಂದ 2ಕ್ಕೆ ಬಂದರೆ ಬೆಳಕು ಸುಮಾರು 1600 ಪಟ್ಟು ಏರಿದ ಹಾಗೆ. ಅದೂ ಕೆಲವೇ ಗಂಟೆಗಳಲ್ಲಿ. ಒಂದು ವಾರದ ಹೊತ್ತಿಗೆ ಬರಿಗಣ್ಣಿಗೆ ಕಾಣದ ಹಾಗೆ ಇಳಿದುಬಿಡುತ್ತದೆ. 1866ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ವಿಲಿಯಂ ಹಗಿನ್ಸ್ ಅದರ ರೋಹಿತವನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯನ್ನು) ನೋಡಿ ಉಜ್ವಲ ಹೈಡ್ರೋಜನ್ ರೇಖೆಗಳನ್ನು ಕಂಡರು. ನೋವಾ ಒಂದರ ರೋಹಿತವನ್ನು ಮನುಷ್ಯರು ನೋಡಿದ್ದು ಅದೇ ಮೊದಲು.

ಮುಂದಿನದು ಯಾವಾಗ ಅನ್ನುವ ಲೆಕ್ಕ ಎಲ್ಲಿಂದ ಬಂತು ಅನ್ನುವುದೇ ಇವತ್ತಿನ ನನ್ನ ವಿಷಯ. 1938ರ ಸುಮಾರಿಗೆ ಟಿ ಸ್ವಲ್ಪ ಹೆಚ್ಚು ಬೆಳಗಲು ಶುರು ಮಾಡಿತು. 1945ರಲ್ಲಿ ಇದ್ದಕ್ಕಿದ್ದಂತೆ ಮಂಕಾಯಿತು. ಮರುವರ್ಷ ಸಿಡಿಯಿತು. ಈಗ ನೋಡಿ: 2015ರಲ್ಲಿ ಮತ್ತೆ ಅದೇ ಏರಿಕೆ, 2023ರಲ್ಲಿ ಮತ್ತೆ ಅದೇ ಮಂಕು. ಹಾಗಾಗಿಯೇ 2024ರ ಸೆಪ್ಟೆಂಬರ್ ಒಳಗೆ ಸಿಡಿದೀತು ಅಂದರು. ಸಿಡಿಯಲಿಲ್ಲ. 2025ರ ಮಾರ್ಚ್ 27 ಅನ್ನುವ ದಿನಾಂಕವೂ ಓಡಾಡಿತು. ಅದೂ ಹೋಯಿತು. ಇದನ್ನು ವಿಜ್ಞಾನದ ಸೋಲು ಅನ್ನುವವರ ಜೊತೆ ನನ್ನ ಸಹಮತ ಇಲ್ಲ. ಎರಡೇ ಎರಡು ಸಿಡಿತಗಳ ಒಳ್ಳೆಯ ದಾಖಲೆ ಇಟ್ಟುಕೊಂಡು ಮೂರನೆಯದರ ತಿಂಗಳು ಹೇಳಲು ಹೊರಟದ್ದೇ ದೊಡ್ಡ ಧೈರ್ಯ.

1945ರ ಆ ಮಂಕು ನಮಗೆ ಗೊತ್ತಿರುವುದು ಹೇಗೆ? ಆಗ ಟಿ ಸುದ್ದಿಯಲ್ಲಿ ಇರಲಿಲ್ಲ. ಸಿಡಿದು 79 ವರ್ಷ ಆಗಿತ್ತು. ಆದರೂ ಕೆಲವರು ರಾತ್ರಿ ಎದ್ದು, ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ, ಒಂದು ಸಂಖ್ಯೆ ಬರೆದು ಮಲಗುತ್ತಿದ್ದರು. ಅವರಲ್ಲಿ ಲೆಸ್ಲಿ ಪೆಲ್ಟಿಯರ್ ಒಬ್ಬರು. ಅಮೆರಿಕದ ಒಹಾಯೋದ ರೈತ, ಧೂಮಕೇತುಗಳನ್ನು ಕಂಡುಹಿಡಿದವರು. ಟಿಯನ್ನು ಅವರು 25 ವರ್ಷ ಕಾಲ ಗಮನಿಸಿದರು. 1946ರ ಆ ರಾತ್ರಿ ಎದ್ದಾಗ ನೆಗಡಿ ಆಗುವ ಹಾಗೆ ಅನ್ನಿಸಿ, ಮತ್ತೆ ಹೋಗಿ ಮಲಗಿದರು. ಅದೇ ರಾತ್ರಿ ಟಿ ಸಿಡಿಯಿತು. ಈ ಕಥೆಯನ್ನು ಎಲ್ಲರೂ ಅವರ ದುರದೃಷ್ಟ ಅಂತ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಸಿಡಿದ ರಾತ್ರಿಯನ್ನು ನೋಡಿದವರು ಬೇರೆ ಇದ್ದರು. ಸಿಡಿಯದ ಅಷ್ಟು ವರ್ಷಗಳ ರಾತ್ರಿಗಳನ್ನು ಕೊಟ್ಟವರು ಪೆಲ್ಟಿಯರ್ ಅಂಥವರು. ಇವತ್ತಿನ ಮುನ್ಸೂಚನೆ ನಿಂತಿರುವುದು ಆ ರಾತ್ರಿಗಳ ಮೇಲೆ.

ಅಂದಾಜು ಮಾಡುವ ಕ್ರಮ ಸರಳ. ನಕ್ಷೆಯಲ್ಲಿ ಟಿಯ ಸುತ್ತಲಿನ ಬದಲಾಗದ ನಕ್ಷತ್ರಗಳ ಪಕ್ಕದಲ್ಲಿ ಸಂಖ್ಯೆ ಇರುತ್ತದೆ. 98 ಅಂದರೆ 9.8. ಚುಕ್ಕಿ ಹಾಕಿದರೆ ಅದನ್ನೇ ನಕ್ಷತ್ರ ಅಂದುಕೊಳ್ಳಬಹುದು ಅಂತ ಬಿಟ್ಟಿರುತ್ತಾರೆ. ಟಿಗಿಂತ ಒಂದು ಜಾಸ್ತಿ ಬೆಳಗುವುದು, ಒಂದು ಕಡಿಮೆ ಬೆಳಗುವುದು ಆರಿಸಿಕೊಂಡು, ನಡುವೆ ಟಿ ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. ಟಿ ಕೆಂಪಗಿರುವುದರಿಂದ ದಿಟ್ಟಿಸಿ ನೋಡಬಾರದು. ಕೆಂಪು ನಕ್ಷತ್ರವನ್ನು ನೋಡುತ್ತಾ ನಿಂತರೆ ಕಣ್ಣಿಗೆ ಅದು ಹೆಚ್ಚು ಹೆಚ್ಚು ಪ್ರಕಾಶವಾಗಿ ಕಾಣುತ್ತಾ ಹೋಗುತ್ತದೆ. ಒಂದು ಕ್ಷಣ ನೋಡಿ ಕಣ್ಣು ತೆಗೆಯಬೇಕು. ಸಿಡಿಯದಿದ್ದರೂ ಟಿ ಸುಮ್ನೆ ಇರುವುದಿಲ್ಲ. ಕುಬ್ಜದ ಸೆಳೆತಕ್ಕೆ ದೈತ್ಯ ಉದ್ದಕ್ಕೆ ಎಳೆದುಕೊಂಡಿದೆ. ಒಂದು ಸುತ್ತಿನಲ್ಲಿ ಎರಡು ಸಲ ಅಗಲವಾದ ಮೈ ತೋರಿಸುತ್ತದೆ, ಎರಡು ಸಲ ಕಿರಿದಾದ ಮೈ. ಹಾಗಾಗಿ ಬೆಳಕು ಸ್ವಲ್ಪ ಏರುತ್ತದೆ, ಇಳಿಯುತ್ತದೆ. ಆ ಸಣ್ಣ ಅಲೆ ಕೂಡ ನೋಟ್‌ಬುಕ್ಕಿನಲ್ಲಿ ಕಾಣುವಾಗ ನನಗೆ ನಿಜವಾಗಿ ಖುಷಿ ಆಗುತ್ತದೆ.

ಅದೇ ಅರ್ಧವೃತ್ತದ ಒಳಗೆ ಆರ್ ಕೊರೋನೆ ಬೊರಿಯಾಲಿಸ್ ಇದೆ. ಸ್ವಭಾವದಲ್ಲಿ ಟಿಗೆ ಪೂರಾ ಉಲ್ಟಾ. ಮಾಮೂಲಿಗೆ 6ರಲ್ಲಿ ಇರುತ್ತದೆ, ಯಾವಾಗಲೋ ಒಮ್ಮೆ ಮಸಿಯಂಥ ಇಂಗಾಲದ ಮೋಡ ಉಗುಳಿ ತಾನೇ ಮರೆಯಾಗುತ್ತದೆ. 2007ರಲ್ಲಿ ಹಾಗೆ 14ರ ಆಚೆಗೆ ಇಳಿದದ್ದು ವರ್ಷಗಟ್ಟಲೆ ಮೇಲೆ ಬರಲೇ ಇಲ್ಲ. ಇವತ್ತು ಇತ್ತು. ಬರೆದೆ.

ಕಾಣದೇ ಇದ್ದಾಗಲೂ ಬರೆಯಬೇಕು. ನೋಡಬೇಕಾದ ಜಾಗದಲ್ಲಿ ಏನೂ ಇಲ್ಲದಿದ್ದರೆ, ಆ ಹೊತ್ತಿಗೆ ಕಂಡ ಅತಿ ಮಂದ ನಕ್ಷತ್ರದ ಸಂಖ್ಯೆಯ ಹಿಂದೆ '<' ಗುರುತು ಹಾಕುತ್ತೇವೆ: ಇದಕ್ಕಿಂತ ಮಂಕು. ಈ ಗುರುತಿನ ಬೆಲೆ ಏನು ಅಂತ 2023ರ ಮೇ ತಿಂಗಳಲ್ಲಿ ಗೊತ್ತಾಯಿತು. ಜಪಾನಿನ ಕೊಯಿಚಿ ಇಟಗಾಕಿ ಮೇ 19ರಂದು ಎಂ101 ಗ್ಯಾಲಕ್ಸಿಯಲ್ಲಿ ಒಂದು ಸೂಪರ್‌ನೋವಾ (ಇಡೀ ನಕ್ಷತ್ರವೇ ಸಿಡಿದು ಸಾಯುವುದು) ಕಂಡುಹಿಡಿದರು: ಎಸ್‌ಎನ್ 2023ಐಎಕ್ಸ್‌ಎಫ್. ದೂರ ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ. ಸೂಪರ್‌ನೋವಾ ಲೆಕ್ಕದಲ್ಲಿ ಇದು ಹತ್ತಿರ. ಎಂ101 ಚಂದದ ಗ್ಯಾಲಕ್ಸಿ, ಹವ್ಯಾಸಿಗಳು ಅದರ ಫೋಟೋ ತೆಗೆಯುತ್ತಲೇ ಇರುತ್ತಾರೆ. ಸುದ್ದಿ ಬಂದ ಮೇಲೆ ಹಿಂದಿನ ದಿನದ ಫೋಟೋಗಳನ್ನು ಹೊರತೆಗೆದರು. ಕೆಲವದರಲ್ಲಿ ಚುಕ್ಕಿ ಇತ್ತು, ಕೆಲವದರಲ್ಲಿ ಇಲ್ಲ. ಆ 'ಇಲ್ಲ'ಗಳಿಂದಲೇ ಬೆಳಕು ಹೊರಬಂದ ಹೊತ್ತನ್ನು ಗಂಟೆಗಳ ಮಟ್ಟಕ್ಕೆ ಕಟ್ಟಿಹಾಕಲು ಆಯಿತು. ಸಿಡಿದ ನಕ್ಷತ್ರವೂ ಹಬಲ್ ಮತ್ತು ಸ್ಪಿಟ್ಜರ್‌ನ ಹಳೆಯ ಚಿತ್ರಗಳಲ್ಲಿ ಸಿಕ್ಕಿತು. ಧೂಳು ಸುತ್ತಿಕೊಂಡ, ಮಿಡಿಯುತ್ತಿದ್ದ ಕೆಂಪು ಮಹಾದೈತ್ಯ. ಸಾಯುವ ಮುಂಚಿನ ವರ್ಷಗಳಲ್ಲಿ ಅದು ದೊಡ್ಡದಾಗಿ ಭುಗಿಲೆದ್ದ ಕುರುಹು ಹಳೆಯ ದಾಖಲೆಯಲ್ಲಿ ಕಾಣಲಿಲ್ಲ. ಇಂಥ ನಕ್ಷತ್ರ ಹೇಗೆ ಸಾಯುತ್ತದೆ ಅನ್ನುವ ಪ್ರಶ್ನೆಗೆ ಇದು ದೊಡ್ಡ ಸುಳಿವು. ಯಾರೂ ನೋಡದೇ ಇದ್ದಿದ್ದರೆ ಅಲ್ಲಿ ಬರೀ ಖಾಲಿ ಜಾಗ ಇರುತ್ತಿತ್ತು, ಖಾಲಿ ಜಾಗದಿಂದ ಏನನ್ನೂ ಹೇಳಲು ಬರುವುದಿಲ್ಲ.

ಇಂಥ ಖಾಲಿ ಜಾಗದ ಕಾಟ ಆರ್ದ್ರೆ (ಬೀಟಲ್‌ಜ್ಯೂಸ್) ನಕ್ಷತ್ರಕ್ಕೆ ಪ್ರತಿ ವರ್ಷ ಇದೆ. ಈಗ ಅದು ಸೂರ್ಯನ ಪ್ರಭೆಯಲ್ಲಿ ಮುಳುಗಿದೆ, ನೋಡಲು ಆಗುವುದಿಲ್ಲ. 2019ರ ಕೊನೆಯಲ್ಲಿ ಮಂಕಾಗಲು ಶುರುವಾಗಿ, 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿದಾಗ ಸೂಪರ್‌ನೋವಾ ಆಗೇಬಿಟ್ಟಿತು ಅಂತ ಎಷ್ಟು ಗುಲ್ಲೆದ್ದಿತ್ತು! ಕೊನೆಗೆ ಅದು ನಕ್ಷತ್ರವೇ ಉಗುಳಿದ ಧೂಳಿನ ಮೋಡ ಅಂತ ಆಯಿತು. ಆ ವರ್ಷ ಅದು ಸೂರ್ಯನ ಪ್ರಭೆಯಲ್ಲಿ ಮುಳುಗಿದ್ದಾಗ ನಾಸಾದ ಸ್ಟೀರಿಯೊ ನೌಕೆ, ಭೂಮಿಯಿಂದ ದೂರದ ಇನ್ನೊಂದು ಕೋನದಿಂದ, ಆರ್ದ್ರೆಯನ್ನು ಗಮನಿಸಿತು. ಅಷ್ಟು ದೂರ ಇರುವ ನೌಕೆಯನ್ನು ಒಂದು ನಕ್ಷತ್ರದ ಕಡೆ ತಿರುಗಿಸಿದ್ದು ದಾಖಲೆಯ ತೂತು ಮುಚ್ಚಲಿಕ್ಕೆ! ನನಗೆ ಇದು ತುಂಬಾ ಹಿಡಿಸಿತು.

ಕಳೆದ ವಾರ, ಜೂನ್ 23ರಂದು, ಚಿಲಿಯ ವೀರಾ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು ಬಂದವು. 8.4 ಮೀಟರ್ ಕನ್ನಡಿ, 3200 ಮೆಗಾಪಿಕ್ಸೆಲ್ ಕ್ಯಾಮೆರಾ. ಕೆಲವೇ ರಾತ್ರಿಗಳಿಗೊಮ್ಮೆ ದಕ್ಷಿಣದ ಆಕಾಶವನ್ನೆಲ್ಲ ಸುತ್ತಿ ಬರುವ ಕೆಲಸ, ಹತ್ತು ವರ್ಷ. ಇನ್ನು ಕಣ್ಣಿನಿಂದ ಅಂದಾಜು ಮಾಡುವವರು ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ: ಅಷ್ಟು ದೊಡ್ಡ ಕನ್ನಡಿಗೆ ಪ್ರಕಾಶಮಾನ ನಕ್ಷತ್ರಗಳು ಕಣ್ಣು ಕುಕ್ಕುತ್ತವೆ. 10ನೇ ಕಾಂತಿಮಾನದ ಟಿಯನ್ನು ಕೂಡ ಅದು ಅಳೆಯಲಾರದು, ಇನ್ನು 2ಕ್ಕೆ ಏರಿದಾಗಿನ ಮಾತು ಬಿಡಿ. ಬೆಳಗುವ ನಕ್ಷತ್ರಗಳನ್ನು ಸಣ್ಣ ದೂರದರ್ಶಕ, ಬೈನಾಕ್ಯುಲರ್, ಬರಿಗಣ್ಣು ಇವೇ ಕಾಯಬೇಕು. 1911ರಿಂದ ಅಮೆರಿಕದ ಚಂಚಲ ನಕ್ಷತ್ರ (ಬೆಳಕು ಬದಲಾಗುವ ನಕ್ಷತ್ರ) ವೀಕ್ಷಕರ ಸಂಘ ಇಂಥ ಅಂದಾಜುಗಳನ್ನು ಜಗತ್ತಿನ ಎಲ್ಲ ಕಡೆಯಿಂದ ಕೂಡಿಡುತ್ತಿದೆ. ಒಂದು ಕಡೆ ಮೋಡ ಇದ್ದರೆ ಇನ್ನೊಂದು ಕಡೆ ಬಯಲಾಗಿರುತ್ತದೆ. ಟಿ ಸಿಡಿಯುವ ಗಂಟೆಯಲ್ಲಿ ಯಾರಾದರೂ ಒಬ್ಬರು ನೋಡುತ್ತಿದ್ದರೆ ಸಾಕು. ಅದಕ್ಕೂ ಹಿಂದಿನ ಗಂಟೆಯಲ್ಲಿ ಇನ್ನೊಬ್ಬರು 'ಇನ್ನೂ ಇಲ್ಲ' ಅಂತ ಬರೆದಿದ್ದರೆ ಅದಕ್ಕಿಂತ ಒಳ್ಳೆಯದು ಇನ್ನೇನಿದೆ?

ನಾಳೆಗೆ: ಮೊದಲು ವಿ572, ಬೇಗ ಮುಳುಗುತ್ತದೆ. ಆಮೇಲೆ ವಿ462, ಕೊನೆಗೆ ಟಿ ಮತ್ತು ಆರ್. ಜುಲೈ 10ಕ್ಕೆ ಹುಣ್ಣಿಮೆ, ಚಂದ್ರ ದಿನದಿಂದ ದಿನಕ್ಕೆ ದಪ್ಪವಾಗಿ ತಡವಾಗಿ ಮುಳುಗುತ್ತಾನೆ. ನೋವಾಗಳು ಇಳಿಯುವ ವೇಗ ಹಿಡಿಯಬೇಕಾದರೆ ಈ ವಾರದ ಒಂದು ರಾತ್ರಿಯನ್ನೂ ಬಿಡುವ ಹಾಗಿಲ್ಲ.